ಸಾಂತಿಯಾಗೊ ದಾರಿಯ ಚರ್ಚ್ ಬಾಗಿಲುಗಳು: ಯಾವುದಕ್ಕೆ ನಿಲ್ಲಬೇಕು, ಯಾವ ಹೊತ್ತಿಗೆ?

ಸ್ಪೇನಿನ ಕಮೀನೊ ಯಾತ್ರೆಗೆ, ಅಂದರೆ ಸಾಂತಿಯಾಗೊ ನಗರದ ಕ್ಯಾಥೆಡ್ರಲಿಗೆ ಕಾಲ್ನಡಿಗೆಯಲ್ಲಿ ಹೋಗುವ ಕ್ರೈಸ್ತ ಯಾತ್ರೆಗೆ ಹೊರಡುವವರು ಬೂಟು, ಬ್ಯಾಗು, ಮಲಗುವ ಚೀಲದ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ದಾರಿಯುದ್ದಕ್ಕೂ ಇರುವ ಹನ್ನೆರಡು, ಹದಿಮೂರನೇ ಶತಮಾನದ ಚರ್ಚ್ ಬಾಗಿಲುಗಳ ಮಾತು ಬಂದರೆ ಮಾತ್ರ ‘ಸಿಕ್ಕಿದ್ದನ್ನು ನೋಡಿದರಾಯಿತು’ ಅಂದುಬಿಡುತ್ತಾರೆ. ಹಾಗೆ ಹೋದವರಿಗೆ ಬಹಳಷ್ಟು ಕಡೆ ಕಾಣುವುದು ನೆರಳಲ್ಲಿ ಮಂಕಾಗಿ ನಿಂತ ಕಲ್ಲು.

ಕಾರಣ ದಿಕ್ಕಿನಲ್ಲಿದೆ. ಹಳೆಯ ಚರ್ಚುಗಳ ಪೂಜಾಪೀಠ ಪೂರ್ವಕ್ಕಿರುತ್ತದೆ, ಮುಖ್ಯ ಬಾಗಿಲು ಪಶ್ಚಿಮಕ್ಕೆ. ಯಾತ್ರಿಕರು ನಡೆಯುವುದೂ ಪೂರ್ವದಿಂದ ಪಶ್ಚಿಮಕ್ಕೇ, ಅದೂ ಬೆಳಗ್ಗೆ ಆರಕ್ಕೆ ಹೊರಟು ಮಧ್ಯಾಹ್ನ ಒಂದು, ಎರಡರೊಳಗೆ ಮುಂದಿನ ಊರು ಸೇರುವ ಲೆಕ್ಕದಲ್ಲಿ. ಆ ಹೊತ್ತಿನ ತನಕ ಪಶ್ಚಿಮದ ಬಾಗಿಲಿಗೆ ಬಿಸಿಲೇ ಬೀಳುವುದಿಲ್ಲ. ಇದರ ಮೇಲೆ ಸ್ಪೇನಿನ ಗಡಿಯಾರ ಬೇರೆ ದಾರಿ ತಪ್ಪಿಸುತ್ತದೆ. ದೇಶ ಇರುವುದು ಯುರೋಪಿನ ಪಶ್ಚಿಮ ತುದಿಯಲ್ಲಿ, ಇಟ್ಟುಕೊಂಡಿರುವುದು ಮಧ್ಯ ಯುರೋಪಿನ ಸಮಯ. ಬೇಸಿಗೆಯಲ್ಲಿ ಲಿಯೋನ್ ನಗರದಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 2.30ಕ್ಕೆ, ಸಾಂತಿಯಾಗೊದಲ್ಲಿ 2.40ಕ್ಕೆ. ಜೂನ್ ಕೊನೆಯಲ್ಲಿ ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ. ಅಂದರೆ ಪಶ್ಚಿಮದ ಬಾಗಿಲಿಗೆ ಒಳ್ಳೆಯ ಬೆಳಕು ಸಂಜೆ ಆರರಿಂದ ಒಂಬತ್ತರ ನಡುವೆ. ಮಧ್ಯಾಹ್ನ ಒಂದಕ್ಕೆ ಬಂದು, ಮೊಬೈಲಿನಲ್ಲಿ ಎರಡು ಫೋಟೊ ಹೊಡೆದು, ಊಟಕ್ಕೆ ಹೋದವರು ಬಾಗಿಲನ್ನು ಅದರ ಅತಿ ಕೆಟ್ಟ ಗಳಿಗೆಯಲ್ಲಿ ನೋಡಿದ ಹಾಗಾಯಿತು.

ಆದ್ದರಿಂದ ಆಯ್ಕೆಯ ಮೊದಲ ಸೂತ್ರ ಇದು: ಪಶ್ಚಿಮ ಬಾಗಿಲಿನ ಊರಿನಲ್ಲಿ ರಾತ್ರಿ ತಂಗಿ, ದಕ್ಷಿಣ ಬಾಗಿಲನ್ನು ದಾರಿಯಲ್ಲಿ ಹೋಗುತ್ತಾ ನೋಡಿ, ಉತ್ತರದ ಬಾಗಿಲಿಗೆ ಮೋಡದ ದಿನವಾದರೂ ಚಿಂತೆಯಿಲ್ಲ. ದಕ್ಷಿಣದ ಬಾಗಿಲಿಗೂ ಒಂದು ಷರತ್ತುಂಟು. ಜೂನ್, ಜುಲೈಯಲ್ಲಿ ಇಲ್ಲಿ ನಡುಹಗಲಿನ ಸೂರ್ಯ 70 ಡಿಗ್ರಿ ಎತ್ತರದಲ್ಲಿರುತ್ತಾನೆ. ಮುಂದಕ್ಕೆ ಚಾಚಿದ ಕಮಾನುಗಳ ನೆರಳು ಸೀದಾ ಕೆತ್ತನೆಯ ಮೇಲೆ ಬಿದ್ದು ಅರ್ಧ ಮುಚ್ಚಿಹೋಗುತ್ತದೆ. ಬೆಳಗ್ಗೆ ಹನ್ನೊಂದು, ಹನ್ನೆರಡರ ಓರೆ ಬಿಸಿಲು ಇದಕ್ಕಿಂತ ಎಷ್ಟೋ ವಾಸಿ. ಏಪ್ರಿಲ್ ಅಥವಾ ಅಕ್ಟೋಬರಿನಲ್ಲಿ ಹೋದರೆ ದಿನದ ಬಹುಪಾಲು ಸರಿಯಾಗಿರುತ್ತದೆ.

ಬಾಗಿಲಿನ ಭಾಗಗಳು

ನಮ್ಮ ಗುಡಿಗಳ ದ್ವಾರಬಂಧ, ಶಾಖೆ, ಲಲಾಟಬಿಂಬ ನೋಡಿ ಅಭ್ಯಾಸವಿದ್ದವರಿಗೆ ಇವು ಅರ್ಥವಾಗುವುದು ಕಷ್ಟವಲ್ಲ, ಆದರೆ ಮುಖ್ಯ ಶಿಲ್ಪ ಎಲ್ಲಿದೆ ಎಂಬುದು ಬೇರೆ. ಅಡ್ಡತೊಲೆಯ ಮೇಲೆ, ಕಮಾನಿನ ಕೆಳಗೆ ಉಳಿಯುವ ಅರ್ಧಚಂದ್ರದ ಹಲಗೆಗೆ ಟಿಂಪನಂ ಎನ್ನುತ್ತಾರೆ. ಕಥೆಯ ಮುಖ್ಯ ಭಾಗ ಅಲ್ಲಿ. ಅದನ್ನು ಸುತ್ತಿ ಒಂದರೊಳಗೊಂದು ಇಳಿಯುವ ಕಮಾನುಗಳು ಆರ್ಕಿವೋಲ್ಟ್. ಸಂಗೀತಗಾರರು, ಕಸುಬುದಾರರು, ರಾಶಿಚಕ್ರ, ರಾಕ್ಷಸರು ಇಲ್ಲಿ ಸಾಲುಗಟ್ಟುತ್ತಾರೆ. ಕೆಳಗೆ ಇಕ್ಕೆಲದ ಕಂಬಗಳು, ಅವುಗಳ ಬೋದಿಗೆಗಳು. ದೊಡ್ಡ ಬಾಗಿಲಾದರೆ ಭಾರ ಹೊರಲು ನಡುಗಂಬವೊಂದಿರುತ್ತದೆ. ಬಾಗಿಲಿಗೂ ಸೂರಿಗೂ ನಡುವೆ, ಗೋಡೆಯುದ್ದಕ್ಕೆ ಅಡ್ಡಪಟ್ಟಿಯಾಗಿ ಕ್ರಿಸ್ತನ ಹನ್ನೆರಡು ಶಿಷ್ಯರನ್ನು ನಿಲ್ಲಿಸುವುದು ಸ್ಪೇನಿನ ಕಡೆ ರೂಢಿ.

ನೋಡುವ ಕ್ರಮವನ್ನು ಕೆಳಗಿನಿಂದ ಶುರು ಮಾಡುವುದು ಒಳ್ಳೆಯದು. ಕಣ್ಣಿನ ಮಟ್ಟದ ಕಂಬ ಮತ್ತು ಬೋದಿಗೆ ಐದು ನಿಮಿಷ, ಆಮೇಲೆ ಬಾಗಿಲಿನ ಎತ್ತರದ ಒಂದೂವರೆಯಷ್ಟು ದೂರ ಹಿಂದೆ ಸರಿದು ಟಿಂಪನಂ, ಕೊನೆಗೆ ಆರ್ಕಿವೋಲ್ಟ್‌ಗಳನ್ನು ಎಡದ ಬುಡದಿಂದ ಬಲದ ಬುಡದವರೆಗೆ ಒಂದೊಂದಾಗಿ. 8 ಪಟ್ಟು ದೊಡ್ಡದಾಗಿಸುವ ಪುಟ್ಟ ಬೈನಾಕ್ಯುಲರ್ 200 ಗ್ರಾಂ ಆಸುಪಾಸಿನಲ್ಲಿ ಸಿಗುತ್ತದೆ. ಬ್ಯಾಗಿನಲ್ಲಿ ಇನ್ನೊಂದು ಟೀ ಶರ್ಟ್ ಕಮ್ಮಿ ಮಾಡಿ ಅದನ್ನು ಒಯ್ಯಿರಿ. ಮೊಬೈಲಿನಲ್ಲಿ ತೆಗೆಯುವಾಗ ಆಕಾಶ ಚೌಕಟ್ಟಿನೊಳಗೆ ಬಂದರೆ ಕಲ್ಲು ಕಪ್ಪಾಗುತ್ತದೆ. ಕಲ್ಲಿನ ಮೇಲೆ ಬೆರಳಿಟ್ಟು ಬೆಳಕು ಹೊಂದಿಸಿಕೊಳ್ಳಿ.

ನವಾರ್‍ರಾ: ಒಂದು ವಾರವಷ್ಟೇ ಇರುವವರಿಗೆ

ಒಂದು ವಾರದ ನಡಿಗೆಗೆ ಉತ್ತರ ಸ್ಪೇನಿನ ನವಾರ್‍ರಾ ಪ್ರಾಂತ್ಯದ ಪಾಂಪ್ಲೋನಾದಿಂದ ಲೊಗ್ರೋನ್ಯೊ ಕಡೆ ಹೊರಡುವವರಿಗೆ ಎರಡನೇ, ಮೂರನೇ ದಿನಗಳೇ ಬಾಗಿಲುಗಳ ದಿನಗಳು. ಪುವೆಂತೆ ಲ ರೇನಾದ ಸಾಂತಿಯಾಗೊ ಚರ್ಚು, ಸಿರಾವ್ಕಿಯ ಸಾನ್ ರೊಮಾನ್, ಎಸ್ತೆಲ್ಯದ ಸಾನ್ ಪೆದ್ರೊ ದೆ ಲ ರುವಾ, ಈ ಮೂರೂ ಸುಮಾರು 22 ಕಿ.ಮೀ.ಯ ಒಂದೇ ದಿನದ ನಡಿಗೆಯಲ್ಲಿ ಬರುತ್ತವೆ. ಮೂರರಲ್ಲೂ ಒಳಗಿನ ಕಮಾನಿನ ಅಂಚನ್ನು ಅರ್ಧವೃತ್ತಗಳ ಸಾಲಾಗಿ ಕತ್ತರಿಸಿದ್ದಾರೆ. ಅಂದಲೂಸಿಯಾದ ಮುಸ್ಲಿಂ ಕಟ್ಟಡ ಕಲೆಯಿಂದ ಬಂದ ವಿನ್ಯಾಸ ಅದು. ಮೂರೂ ಒಂದೇ ಥರ ಎಂದುಕೊಂಡು ಎರಡನ್ನು ಬಿಡುವವರಿದ್ದಾರೆ. ಬಿಡಲೇಬೇಕೆಂದಿದ್ದರೆ ಹೀಗೆ ಆರಿಸಿ: ಪುವೆಂತೆ ಲ ರೇನಾದಲ್ಲಿ ಮನುಷ್ಯಾಕೃತಿಗಳು ಹೆಚ್ಚು, ಆದರೆ ಬಹಳ ಸವೆದಿವೆ. ಬಾಗಿಲು ಇಕ್ಕಟ್ಟಿನ ಮುಖ್ಯ ಬೀದಿಗೆ ತೆರೆಯುವುದರಿಂದ ಹಿಂದೆ ಸರಿದು ನೋಡಲು ಜಾಗವೂ ಇಲ್ಲ. ಸಿರಾವ್ಕಿಯದು ಬಳ್ಳಿ ಮತ್ತು ಜ್ಯಾಮಿತಿಯ ಕೆಲಸ, ಅಂಚುಗಳು ಇನ್ನೂ ಚೂಪಾಗಿವೆ, ದಿಬ್ಬದ ಮೇಲಿನ ಊರಾದ್ದರಿಂದ ಸದ್ದಿಲ್ಲ. ಎಸ್ತೆಲ್ಯದ್ದು ಉದ್ದನೆಯ ಮೆಟ್ಟಿಲ ಸಾಲಿನ ಮೇಲೆ, ದೂರದಿಂದ ನೋಡಲಿಕ್ಕೇ ಕಟ್ಟಿದ್ದು. ವಿನ್ಯಾಸ ಕಲಿಯಲು ಸಿರಾವ್ಕಿ ಸಾಕು. ಬೆಳಗ್ಗೆ ಪುವೆಂತೆ ಲ ರೇನಾ ಬಿಟ್ಟವರು ಎಂಟು ಕಿ.ಮೀ. ನಡೆದು ಅಲ್ಲಿಗೆ ಬರುವಷ್ಟರಲ್ಲಿ ಹೇಗೂ ಕಾಲಿಗೆ ವಿಶ್ರಾಂತಿ ಬೇಕಾಗಿರುತ್ತದೆ.

ಎಸ್ತೆಲ್ಯದಲ್ಲಿ ರಾತ್ರಿ ತಂಗುವವರು ನದಿಯ ಆಚೆ ದಂಡೆಯ ಸಾನ್ ಮಿಗೆಲ್ ಚರ್ಚಿನ ಉತ್ತರ ಬಾಗಿಲನ್ನು ತಪ್ಪಿಸಬಾರದು. ಇಡೀ ಪಟ್ಟಣದಲ್ಲಿ ಒಂದೇ ಬಾಗಿಲಿಗೆ ಸಮಯವಿದ್ದರೆ ಸಾನ್ ಪೆದ್ರೊ ಬಿಟ್ಟು ಇದಕ್ಕೇ ಬನ್ನಿ. ಟಿಂಪನಂನಲ್ಲಿ ಕ್ರಿಸ್ತ, ಸುತ್ತ ಅವನ ಚರಿತೆ ಬರೆದ ನಾಲ್ವರು ಸುವಾರ್ತಾಕಾರರ ಲಾಂಛನಗಳು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಬದಿ ದೇವದೂತ ಮಿಕಾಯೇಲ ಸರ್ಪವನ್ನು ಮೆಟ್ಟಿ ಆತ್ಮಗಳನ್ನು ತೂಗುತ್ತಿದ್ದಾನೆ, ಇನ್ನೊಂದು ಬದಿ ಮೂವರು ಮರಿಯಮ್ಮಂದಿರು ಬರಿದಾದ ಸಮಾಧಿಯ ಮುಂದೆ. ಈ ಪಕ್ಕದ ಎರಡು ಫಲಕಗಳು ಟಿಂಪನಂಗಿಂತ ಮೇಲ್ಮಟ್ಟದವು.

ಸಾಂಗ್ವೆಸಾ ಇರುವುದು ಸೊಂಪೋರ್ಟ್ ಕಣಿವೆಯಿಂದ ಇಳಿಯುವ ಅರಗಾನ್ ದಾರಿಯಲ್ಲಿ, ಪಾಂಪ್ಲೋನಾದಿಂದ ಸುಮಾರು 45 ಕಿ.ಮೀ. ಪೂರ್ವಕ್ಕೆ. ಪಾಂಪ್ಲೋನಾ ಮೂಲಕ ಸಾಗುವ ಮುಖ್ಯ ದಾರಿಯಾದ ಫ್ರೆಂಚ್ ದಾರಿಯಲ್ಲಿ ಬಂದವರಿಗೆ ಬಸ್ಸು ಹಿಡಿದು ಅರ್ಧ ದಿನ ಹಿಂದಕ್ಕೆ ಹೋಗುವ ಕೆಲಸ. ಹೋಗಬೇಕೇ? ನವಾರ್‍ರಾದ ಉಳಿದೆಲ್ಲ ಬಾಗಿಲುಗಳನ್ನು ಒಂದು ತಕ್ಕಡಿಗೆ ಹಾಕಿದರೂ ಸಾಂಗ್ವೆಸಾದ ಸಾಂತಾ ಮರಿಯಾ ಲ ರಿಯಾಲ್‌ನ ದಕ್ಷಿಣ ಬಾಗಿಲಿಗೇ ನಮ್ಮ ಮತ. ಇಕ್ಕೆಲದ ಕಂಬಗಳೇ ಮೂರ್ತಿಗಳಾಗಿವೆ: ಎಡಕ್ಕೆ ಮೂವರು ಮರಿಯಮ್ಮಂದಿರು, ಬಲಕ್ಕೆ ಪೇತ್ರ, ಪೌಲ, ಮತ್ತು ಕ್ರಿಸ್ತನಿಗೆ ದ್ರೋಹ ಬಗೆದು ನೇಣು ಹಾಕಿಕೊಂಡ ಯೂದ. ಎಡಗಡೆಯ ನಡುವಿನ ಮರಿಯಳ ಕೈಯಲ್ಲಿ ತೆರೆದ ಪುಸ್ತಕ. ಅದರ ಮೇಲೆ ಲ್ಯಾಟಿನ್ನಿನಲ್ಲಿ ‘ಲಿಯೋದೆಗಾರಿಯುಸ್ ನನ್ನನ್ನು ಮಾಡಿದನು’ ಎಂದಿದೆ. ಮೂರ್ತಿಯ ಬುಡದಲ್ಲಿ ಮಲ್ಲಿತಮ್ಮ, ದಾಸೋಜರ ಹೆಸರು ಓದಿ ಬೆಳೆದ ನಮಗೆ ಇದು ಸಹಜ ಎನಿಸುತ್ತದೆ, ಆದರೆ ಈ ದಾರಿಯ ಶಿಲ್ಪಿಗಳಲ್ಲಿ ಹೆಸರು ಉಳಿಸಿದವರು ಬೆರಳೆಣಿಕೆಯಷ್ಟು.

ಕಮಾನಿನ ಎರಡೂ ಹೆಗಲ ಮೇಲಿನ ಜಾಗಕ್ಕೆ ಕಣ್ಣು ಹಾಯಿಸಿದರೆ ಅಚ್ಚರಿ. ದೆವ್ವ, ಗಂಟು ಬಳ್ಳಿ, ಪ್ರಾಣಿಗಳನ್ನು ಯಾವ ಕ್ರಮವೂ ಇಲ್ಲದೆ ತುರುಕಿದ್ದಾರೆ. ಅದರೊಳಗೆ ಉತ್ತರ ಯುರೋಪಿನ ಸಿಗುರ್ಡ್ ಕಥೆಯ ಕಮ್ಮಾರ ಕತ್ತಿ ಬಡಿಯುತ್ತಿದ್ದಾನೆ. ಕ್ರೈಸ್ತ ಬಾಗಿಲಿನ ಮೇಲೆ ಅನ್ಯ ಪುರಾಣ ಬಂದು ಕೂತದ್ದು ಹೇಗೆ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಎಲ್ಲಕ್ಕಿಂತ ಮೇಲಿನ ಎರಡು ಸಾಲು ಶಿಷ್ಯರದು ಬೇರೆ ಕೈ, ಸಾನ್ ಹ್ವಾನ್ ದೆ ಲ ಪೆನ್ಯಾದ ಮಠದಲ್ಲಿ ಕೆಲಸ ಮಾಡಿದ ಶಿಲ್ಪಿಯ ಶೈಲಿ. ಕಣ್ಣುಗಳು ಗೋಲಿಯಂತೆ ಉಬ್ಬಿರುವುದರಿಂದ ತಟ್ಟನೆ ಗೊತ್ತಾಗುತ್ತದೆ. ಬಾಗಿಲ ಮುಂದೆಯೇ ರಸ್ತೆ. ಹಿಂದೆ ಸರಿಯುವಾಗ ವಾಹನಗಳ ಮೇಲೆ ನಿಗಾ ಇರಲಿ.

ಪಲೆನ್ಸಿಯಾ: ನಡೆಯುವವರ ಪಾಲಿಗೆ ಅತಿ ಲಾಭದ ದಿನ

ಪಲೆನ್ಸಿಯಾ ಪ್ರಾಂತ್ಯದ ಫ್ರೋಮಿಸ್ತಾದಿಂದ ಕರಿಯೋನ್ ದೆ ಲೋಸ್ ಕೊಂದೆಸ್ ವರೆಗೆ ಹತ್ತೊಂಬತ್ತು ಕಿ.ಮೀ., ಎಲ್ಲಾ ಸಪಾಟು. ಮೂರು ಊರುಗಳನ್ನು ಹೋಲಿಸಿ ನೋಡಲು ಇಷ್ಟು ಸುಲಭದ ದಾರಿ ಬೇರೆ ಇಲ್ಲ.

ಫ್ರೋಮಿಸ್ತಾದ ಸಾನ್ ಮಾರ್ತಿನ್ ಹೆಸರು ಎಲ್ಲಾ ಪುಸ್ತಕಗಳಲ್ಲೂ ಇದೆ, ಬಾಗಿಲ ಮಟ್ಟಿಗೆ ಮಾತ್ರ ಏನೂ ಇಲ್ಲ. ಹನ್ನೊಂದನೇ ಶತಮಾನದ ಸರಳ ಕಮಾನು ಅಷ್ಟೆ. ಅಲ್ಲಿ ನೋಡಬೇಕಾದದ್ದು ಸೂರಿನ ಕೆಳಗಿನ 300ಕ್ಕೂ ಹೆಚ್ಚು ಕೆತ್ತಿದ ತೊಲೆತುದಿಗಳು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಡೀ ಚರ್ಚನ್ನು ಬಿಚ್ಚಿ ಕಟ್ಟಿದ್ದಾರೆ ಎನ್ನುವಷ್ಟು ಜೀರ್ಣೋದ್ಧಾರ ಮಾಡಿದ್ದರಿಂದ, ತೀರಾ ಚೊಕ್ಕಟವಾಗಿ ಕಂಡ ತುಣುಕುಗಳನ್ನು ಅನುಮಾನದಿಂದಲೇ ನೋಡಿ.

ವಿಯಾಲ್ಕಸಾರ್ ದೆ ಸಿರ್ಗಾದ ಸಾಂತಾ ಮರಿಯಾ ಲ ಬ್ಲಾಂಕಾ ಹದಿಮೂರನೇ ಶತಮಾನದ್ದು, ಹಳ್ಳಿಯ ಅಳತೆಗೆ ಮೀರಿದ ಎತ್ತರ. ಬಾಗಿಲು ದಕ್ಷಿಣಕ್ಕೆ, ಭಾರೀ ಎತ್ತರದ ಮಂಟಪದ ಅಡಿಯಲ್ಲಿ. ಒಂದಕ್ಕೊಂದು ಲಂಬಕೋನದಲ್ಲಿ ಎರಡು ಬಾಗಿಲುಗಳಿವೆ. ದೊಡ್ಡದರ ಮೇಲೆ ಎರಡು ಸಾಲು: ಮೇಲೆ ಕ್ರಿಸ್ತ ಮತ್ತು ಶಿಷ್ಯರು, ಕೆಳಗೆ ಮರಿಯ ಮತ್ತು ಮೂವರು ಜ್ಞಾನಿಗಳು. ಬೆಳಗ್ಗೆ ಏಳಕ್ಕೆ ಫ್ರೋಮಿಸ್ತಾ ಬಿಟ್ಟವರು ಹತ್ತರ ಸುಮಾರಿಗೆ ಇಲ್ಲಿರುತ್ತಾರೆ, ಬಿಸಿಲು ಮಂಟಪದೊಳಗೆ ಓರೆಯಾಗಿ ನುಗ್ಗುವುದೂ ಆಗಲೇ. ಮಂಟಪದ ಆಳದಿಂದಾಗಿ ಬೇಸಿಗೆಯ ಮಧ್ಯಾಹ್ನ ಮೇಲಿನ ಸಾಲಿಗೆ ನೆರಳು ಕವಿಯುತ್ತದೆ. ಆದರೆ ಮಳೆಯಿಂದ ಕೆತ್ತನೆಯನ್ನು ಕಾಪಾಡಿದ್ದೂ ಅದೇ ಮಂಟಪ.

ಅಲ್ಲಿಂದ ಆರು ಕಿ.ಮೀ.ಗೆ ಕರಿಯೋನ್. ಇಲ್ಲಿ ಎರಡು ಬಾಗಿಲುಗಳಿವೆ. ಊರಿನ ಅಂಚಿಗೇ ಸಿಗುವ ಸಾಂತಾ ಮರಿಯಾ ದೆಲ್ ಕಮೀನೊದ ದಕ್ಷಿಣ ಬಾಗಿಲು ಬಹಳ ಸವೆದಿದೆ. ಹಾದುಹೋಗುತ್ತಾ ಹತ್ತು ನಿಮಿಷ ಕೊಟ್ಟರೆ ಸಾಕು. ಇನ್ನೊಂದು ಸಾಂತಿಯಾಗೊ ಚರ್ಚಿನ ಪಶ್ಚಿಮ ಮುಖ, 1170ರ ಆಸುಪಾಸಿನದು. ಸ್ಪೇನಿನ ಇಡೀ ದಾರಿಯಲ್ಲಿ ಹೊರಗೆ ಬಯಲಿನಲ್ಲಿರುವ ಬಾಗಿಲುಗಳ ಪೈಕಿ ಒಂದನ್ನಷ್ಟೇ ಆರಿಸು ಎಂದರೆ ಇದನ್ನೇ ಆರಿಸಬೇಕು.

ಇದಕ್ಕೆ ಟಿಂಪನಂ ಇಲ್ಲ. ಒಂದೇ ಒಂದು ಕೆತ್ತಿದ ಆರ್ಕಿವೋಲ್ಟ್, ಅದರ ಮೇಲೆ ಎರಡು ಡಜನಿನಷ್ಟು ಪುಟ್ಟ ಮೂರ್ತಿಗಳು, ಸಾಧು ಸಂತರಲ್ಲ, ಊರಿನ ಜನ. ಕತ್ತರಿ ಹಿಡಿದ ದರ್ಜಿ, ಚಪ್ಪಲಿ ಹೊಲಿಯುವವನು, ಕಮ್ಮಾರ, ಕುಂಬಾರ, ವಾದ್ಯ ನುಡಿಸುವವರು, ಗುರಾಣಿ ಹಿಡಿದು ಹೊಡೆದಾಡುವ ಜೋಡಿ, ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸಿದ ನರ್ತಕಿ. ಒಬ್ಬೊಬ್ಬರೂ ಕಮಾನಿನ ಸುತ್ತಿಗೆ ಅಡ್ಡಲಾಗಿ, ಕಿರಣಗಳಂತೆ ಕೂತಿರುವುದರಿಂದ ಮೇಲಿನವರು ತಲೆಕೆಳಗಾಗುತ್ತಾರೋ ಎನಿಸುತ್ತದೆ. ಅದಕ್ಕೇ ಎಡದ ಬುಡದಿಂದ ಕ್ರಮವಾಗಿ ಹೋಗಬೇಕು. ಮೇಲಿನ ಪಟ್ಟಿಯಲ್ಲಿ ಕ್ರಿಸ್ತ ಕೂತಿದ್ದಾನೆ. ಮಂಡಿಯ ಮೇಲೆ ಬಟ್ಟೆ ಹರಡಿ, ಎರಡು ಕಾಲುಗಳ ನಡುವೆ ಜೋತುಬಿದ್ದ ನಿರಿಗೆಗಳನ್ನು ಬೈನಾಕ್ಯುಲರಿನಲ್ಲಿ ನೋಡಿ. ಒಳಗಿನ ಮೈ ತಿಳಿಯುವ ಹಾಗೆ, ಒದ್ದೆ ಬಟ್ಟೆಯ ಲೆಕ್ಕದಲ್ಲಿ ಕೆತ್ತಿದ್ದಾರೆ. ಪಕ್ಕದ ಶಿಷ್ಯರದು ಇಷ್ಟು ನಯವಿಲ್ಲ, ಹಲವರ ಮುಖವೂ ಹೋಗಿದೆ. 1811ರಲ್ಲಿ, ನೆಪೋಲಿಯನ್ ಸೇನೆಯ ವಿರುದ್ಧದ ಯುದ್ಧಕಾಲದಲ್ಲಿ ಈ ಚರ್ಚು ಸುಟ್ಟಿತು. ಬಾಗಿಲು ಉಳಿದದ್ದೇ ಪುಣ್ಯ.

ಪಶ್ಚಿಮ ಮುಖವಾದ್ದರಿಂದ ಸಂಜೆಯೇ ಬೇಕು, ಮತ್ತು ಸಂಜೆಯೇ ಸಿಗುತ್ತದೆ. ಕರಿಯೋನ್ ಬಿಟ್ಟ ಮೇಲೆ ಮುಂದಿನ ಊರಿಗೆ 17 ಕಿ.ಮೀ. ನೆರಳಿಲ್ಲದ ನೇರ ದಾರಿ, ನಡುವೆ ಹಳ್ಳಿಯೂ ಇಲ್ಲ. ಹಾಗಾಗಿ ಹೆಚ್ಚಿನವರು ಇಲ್ಲೇ ತಂಗುತ್ತಾರೆ. ಸ್ನಾನ, ಬಟ್ಟೆ ಒಗೆತ ಮುಗಿಸಿ ಏಳು ಗಂಟೆಗೆ ಬನ್ನಿ. ಎದುರಿನ ಮನೆಗಳ ನೆರಳು ಕೆಳಗಿನಿಂದ ಏರುತ್ತಾ ಬರುವುದರಿಂದ ತೀರಾ ತಡ ಮಾಡಿದರೆ ಆರ್ಕಿವೋಲ್ಟ್‌ನ ಬುಡದವರು ಮೊದಲು ಮರೆಯಾಗುತ್ತಾರೆ.

ಬುರ್ಗೋಸ್ ಅಥವಾ ಲಿಯೋನ್?

ಎರಡೂ ದೊಡ್ಡ ಗೋಥಿಕ್ ಕ್ಯಾಥೆಡ್ರಲ್‌ಗಳು. ವಿಶ್ರಾಂತಿಯ ದಿನ ಒಂದೇ ಇದ್ದರೆ ಎಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಳಗಿನ ಮಾತು ಬಿಡಿ, ಬಾಗಿಲ ಮಾತಾದರೆ ಲಿಯೋನ್.

ಬುರ್ಗೋಸಿನ ಪಶ್ಚಿಮ ಬಾಗಿಲನ್ನು ಹದಿನೆಂಟನೇ ಶತಮಾನದಲ್ಲಿ ಬದಲಿಸಿದಾಗ ಹಳೆಯ ಶಿಲ್ಪಗಳು ಹೋದವು. 2021ರಲ್ಲಿ ಎಂಟುನೂರು ವರ್ಷ ತುಂಬಿದ ಸಂದರ್ಭಕ್ಕೆ ಕಲಾವಿದ ಆಂತೋನಿಯೊ ಲೋಪೆಸ್ ಅವರಿಂದ ಕಂಚಿನ ಹೊಸ ಕದಗಳನ್ನು ಮಾಡಿಸಲು ಹೊರಟು ದೊಡ್ಡ ವಿವಾದವೇ ಆಯಿತು. ಚೆನ್ನಾಗಿ ಉಳಿದಿರುವುದು ದಕ್ಷಿಣದ ಸರ್ಮೆಂತಾಲ್ ಬಾಗಿಲು, 1230ರ ದಶಕದ್ದು. ಕ್ರಿಸ್ತನ ಸುತ್ತ ನಾಲ್ವರು ಸುವಾರ್ತಾಕಾರರು ಮೇಜಿನ ಮುಂದೆ ಬಗ್ಗಿ ಗುಮಾಸ್ತರಂತೆ ಬರೆಯುತ್ತಿದ್ದಾರೆ. ಈ ಕೆಲಸದ ಮೇಲೆ ಫ್ರಾನ್ಸಿನ ಆಮಿಯಾಂ ಕ್ಯಾಥೆಡ್ರಲಿನ ಪ್ರಭಾವ ಸ್ಪಷ್ಟ. ಚೌಕದಿಂದ ಬಾಗಿಲಿಗೆ ಮೆಟ್ಟಿಲು ಹತ್ತಬೇಕು. ಪೂರ್ತಿ ಮೇಲೆ ಹೋದರೆ ಕತ್ತು ನೋವು, ಕೆಳಗೇ ನಿಂತರೆ ದೂರ, ಮೆಟ್ಟಿಲ ನಡುವೆ ನಿಲ್ಲುವುದೇ ಸರಿ. ಯಾತ್ರೆಯ ದಾರಿ ತೋರುವ ಹಳದಿ ಬಾಣಗಳನ್ನು ಹಿಂಬಾಲಿಸುವವರು ಮಾತ್ರ ಉತ್ತರ ಪಕ್ಕದ ಬೀದಿಯಲ್ಲಿ ಹಾದುಹೋಗುತ್ತಾರೆ. ಅಲ್ಲಿ ಸಿಗುವುದು ಕೊರೊನೆರಿಯಾ ಬಾಗಿಲು, ಅಂತಿಮ ತೀರ್ಪಿನ ದೃಶ್ಯ. ಸದಾ ಮುಚ್ಚಿರುತ್ತದೆ. ಇಳಿಜಾರಿನಲ್ಲಿ ಕಟ್ಟಿದ್ದರಿಂದ ಈ ಹೊಸ್ತಿಲು ಒಳಗಿನ ನೆಲಕ್ಕಿಂತ ಹಲವು ಮೀಟರ್ ಮೇಲಿದೆ. ಆ ತೊಡಕಿಗೆ ಉತ್ತರವಾಗಿ 1519ರಿಂದ 1523ರ ನಡುವೆ ದಿಯೇಗೊ ದೆ ಸಿಲೊಎ ಒಳಗೆ ಚಿನ್ನದ ಮೆಟ್ಟಿಲು ಕಟ್ಟಿದ.

ಲಿಯೋನಿನಲ್ಲಿ ಪಶ್ಚಿಮಕ್ಕೆ ಮೂರು ಬಾಗಿಲು ಒಟ್ಟಿಗೆ, ಮುಂದೆ ದೊಡ್ಡ ಚೌಕ, ಸಂಜೆ ಎಂಟರ ತನಕ ಬೆಳಕು. ನಡುಬಾಗಿಲಿನ ಅಡ್ಡತೊಲೆಯನ್ನು ಎಡದಿಂದ ಓದಿ: ಸ್ವರ್ಗಕ್ಕೆ ಹೋಗುವವರಿಗೆ ಅವಸರವೇ ಇಲ್ಲ, ನಿಂತು ಹರಟುತ್ತಿದ್ದಾರೆ, ಒಬ್ಬ ಪುಟ್ಟ ಆರ್ಗನ್ ನುಡಿಸುತ್ತಿದ್ದಾನೆ, ಇನ್ನೊಬ್ಬ ಅದಕ್ಕೆ ತಿದಿ ಒತ್ತುತ್ತಿದ್ದಾನೆ. ಬಲಕ್ಕೆ ಬಂದರೆ ಕಡಾಯಿ, ಬಾಯಿ ತೆರೆದ ರಾಕ್ಷಸರು. ನಡುಗಂಬದ ಬಿಳಿ ಮರಿಯ ನಕಲು. ಮೂಲ ವಿಗ್ರಹವನ್ನು ಸವೆತದಿಂದ ಉಳಿಸಲು ಒಳಗಿನ ಗುಡಿಯಲ್ಲಿಟ್ಟಿದ್ದಾರೆ. ಬಾಗಿಲುಗಳ ನಡುವೆ ಕಾಸ್ತೀಲ್ ಮತ್ತು ಲಿಯೋನ್ ರಾಜ್ಯಗಳ ಲಾಂಛನವಿರುವ ಒಂದು ಕಂಬವಿದೆ, ನ್ಯಾಯ ತೀರ್ಮಾನ ನಡೆಯುತ್ತಿದ್ದ ಜಾಗ ಅದು. ಮರುದಿನ ಬೆಳಗ್ಗೆ ಹೊರಡುವ ಮುಂಚೆ ಸಾನ್ ಇಸಿದೋರೊದ ಎರಡು ದಕ್ಷಿಣ ಬಾಗಿಲುಗಳು. ಕುರಿಮರಿಯ ಬಾಗಿಲಿನ ಟಿಂಪನಂನಲ್ಲಿ ಅಬ್ರಹಾಮ ಮಗನನ್ನು ಬಲಿ ಕೊಡಲು ಕತ್ತಿ ಎತ್ತಿದ್ದಾನೆ. ಪಕ್ಕದ ಕ್ಷಮೆಯ ಬಾಗಿಲಿನಲ್ಲಿ ಕ್ರಿಸ್ತನನ್ನು ಶಿಲುಬೆಯಿಂದ ಇಳಿಸುವ ದೃಶ್ಯ. ಮೊದಲನೆಯದು ಕಥೆಗೆ ಚೆನ್ನ, ಎರಡನೆಯದು ಕೈಚಳಕಕ್ಕೆ.

ಕಲ್ಲು ಮೋಸ ಮಾಡುವ ಬಗೆ

ಬಾಗಿಲು ಹಳೆಯದೇ, ಅಲ್ಲೇ ಇದ್ದದ್ದೇ ಎಂದು ನಂಬುವ ಮುಂಚೆ ನಾಲ್ಕು ಮಾತು. ಸುಣ್ಣಕಲ್ಲಿನ ಮೇಲೆ ಮಳೆ ನೇರ ಬೀಳುವ ಕಡೆ ಬೆಳ್ಳಗಿರುತ್ತದೆ, ಮಳೆ ತಾಕದ ಮರೆಯಲ್ಲಿ ಕಪ್ಪು ಪದರ ಕಟ್ಟುತ್ತದೆ. ಹೊಗೆಯಲ್ಲಿನ ಗಂಧಕ ಕಲ್ಲಿನ ಮೇಲ್ಮೈಯನ್ನು ಜಿಪ್ಸಂ ಮಾಡಿ ಮಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ಅಂಥ ಪದರ ಕಿತ್ತು ಬಂದರೆ ಕೆತ್ತನೆಯೂ ಜೊತೆಗೆ ಬರುತ್ತದೆ. ಬುಡದ ಒಂದು ಮೀಟರು ಪುಡಿಪುಡಿಯಾಗಿದ್ದರೆ ಕಾರಣ ನೆಲದಿಂದ ಏರುವ ತೇವ ಮತ್ತು ಉಪ್ಪು. ಬಳಪದ ಕಲ್ಲಿನ ಬೇಲೂರಿನಲ್ಲಿ ಮಣಿಸರದ ಎಳೆ ಎಣಿಸಿದವರು ಇಲ್ಲಿ ಅಷ್ಟು ಸೂಕ್ಷ್ಮ ಹುಡುಕಬಾರದು. ಸಾಂತಿಯಾಗೊ ಇರುವ ಗಲೀಸಿಯಾ ಪ್ರಾಂತ್ಯದ ಗ್ರಾನೈಟಿನ ಒರಟು ಕಣದಲ್ಲಂತೂ ಆಗುವ ಮಾತಲ್ಲ.

ಜಾಗ ಬದಲಿಸಿದ ಬಾಗಿಲುಗಳೂ ಇವೆ. ನವಾರೆತೆಯ ಸ್ಮಶಾನದ ಹೆಬ್ಬಾಗಿಲು ಮೂಲತಃ ಊರಿನಾಚೆ ಇದ್ದ ಯಾತ್ರಿಕರ ಆಸ್ಪತ್ರೆಯದು, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಲ್ಲಿಗೆ ತಂದರು. ಆಸ್ಪತ್ರೆಯ ತಳಪಾಯ ಊರಿಗೆ ಬರುವ ದಾರಿಯಲ್ಲಿ, ಅದರ ಬಾಗಿಲು ಊರು ಬಿಡುವ ದಾರಿಯಲ್ಲಿ ಸಿಗುತ್ತದೆ. ಪೊರ್ತೊಮರೀನ್‌ನಲ್ಲಿ ಬೆಲೆಸಾರ್ ಅಣೆಕಟ್ಟಿನ ನೀರು ಹಳೆಯ ಊರನ್ನು ಮುಳುಗಿಸುವ ಮೊದಲು, 1960ರ ದಶಕದಲ್ಲಿ ಕೋಟೆಯಂಥ ಚರ್ಚನ್ನು ಕಲ್ಲು ಕಲ್ಲಾಗಿ ಬಿಚ್ಚಿ ಗುಡ್ಡದ ಮೇಲೆ ಕಟ್ಟಿದರು. ಗೋಡೆಯ ಕಲ್ಲುಗಳ ಮೇಲೆ ಆಗ ಬರೆದ ಅಂಕಿಗಳು ಇನ್ನೂ ಕಾಣುತ್ತವೆ. ಅದರ ಮುಖ್ಯ ಬಾಗಿಲಿನ ಕಮಾನಿನಲ್ಲಿ, ಬೈಬಲಿನ ಪ್ರಕಟನೆ ಗ್ರಂಥದಲ್ಲಿ ಬರುವ, ವಾದ್ಯ ಹಿಡಿದ 24 ಹಿರಿಯರಿದ್ದಾರೆ. ಸಾರಿಯಾದಿಂದ ಕೊನೆಯ ನೂರು ಕಿ.ಮೀ. ಮಾತ್ರ ನಡೆಯುವವರಿಗೆ ಸಾಂತಿಯಾಗೊದ ಶಿಲ್ಪಕ್ಕೆ ಒಳ್ಳೆಯ ಪೂರ್ವಪಾಠ ಅದು.

ಫ್ರಾನ್ಸಿನ ಭಾಗ: ಕಾಂಕ್ ಅಥವಾ ಮ್ವಾಸಾಕ್

ಫ್ರಾನ್ಸಿನ ಲ ಪ್ವಿ ಊರಿನಿಂದ ಹೊರಡುವ ದಾರಿಯಲ್ಲಿ ಎರಡೂ ಬರುತ್ತವೆ. ಲ ಪ್ವಿಯಿಂದ ಕಾಂಕ್‌ಗೆ ಸುಮಾರು 200 ಕಿ.ಮೀ., ಅಲ್ಲಿಂದ ಮ್ವಾಸಾಕ್‌ಗೆ ಹೆಚ್ಚುಕಡಿಮೆ ಅಷ್ಟೇ. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದ 1117ರ ಆಚೀಚೆಯ ದಶಕಗಳಲ್ಲೇ ಎರಡೂ ತಯಾರಾದವು.

ಮ್ವಾಸಾಕ್‌ನ ದಕ್ಷಿಣ ಬಾಗಿಲು ಶಿಲ್ಪವಾಗಿ ದೊಡ್ಡದು. ಐದೂವರೆ ಮೀಟರಿಗೂ ಮಿಕ್ಕ ಅಗಲದ ಟಿಂಪನಂನಲ್ಲಿ 24 ಹಿರಿಯರು ಬಟ್ಟಲು, ವಾದ್ಯ ಹಿಡಿದು, ಕೂತಲ್ಲೇ ಕತ್ತು ತಿರುಚಿ ಕ್ರಿಸ್ತನತ್ತ ನೋಡುತ್ತಿದ್ದಾರೆ. ನಡುಗಂಬದ ಮುಂಭಾಗದಲ್ಲಿ ಅಡ್ಡಡ್ಡ ಹೆಣೆದ ಸಿಂಹಗಳ ಜೋಡಿ. ಬಹಳ ಜನ ಅಷ್ಟು ನೋಡಿ ಒಳಗೆ ನಡೆಯುತ್ತಾರೆ. ಕಂಬದ ಬಲ ಪಕ್ಕಕ್ಕೆ ತಿರುಗಿ. ಅಲ್ಲಿ ಪ್ರವಾದಿ ಯೆರೆಮೀಯ, ಕಿರಿದಾದ ಕಲ್ಲಿನ ಮೇಲೆ ಕಾಲು ಹೆಣೆದು, ಉದ್ದ ಗಡ್ಡ ಇಳಿಬಿಟ್ಟು, ತಲೆ ಓರೆ ಮಾಡಿ ನಿಂತಿದ್ದಾನೆ. ಇಡೀ ದಾರಿಯಲ್ಲಿ ಅಂಥ ಇನ್ನೊಂದು ಮೂರ್ತಿ ಇಲ್ಲ. ಬಾಗಿಲು ಆಳವಾದ ಮಂಟಪದೊಳಗಿರುವುದರಿಂದ ಬೇಸಿಗೆಯ ನಡುಹಗಲು ಬೇಡ.

ಕಾಂಕ್ ಓದಿಸಿಕೊಳ್ಳುವ ಬಾಗಿಲು. ಅಂತಿಮ ತೀರ್ಪಿನ ಈ ಟಿಂಪನಂನಲ್ಲಿ 124 ಮೂರ್ತಿಗಳಿವೆ, ನೀಲಿ, ಕೆಂಪು ಬಣ್ಣದ ಕುರುಹುಗಳೂ ಉಳಿದಿವೆ. ಕುದುರೆಯಿಂದ ತಲೆಕೆಳಗಾಗಿ ಬೀಳುವ ಅಹಂಕಾರಿ ಸರದಾರ, ಹಣದ ಚೀಲ ಕೊರಳಿಗೆ ಕಟ್ಟಿಕೊಂಡು ನೇಣಿಗೆ ಬಿದ್ದ ಜಿಪುಣ, ಎಡಗಡೆ ಸ್ವರ್ಗದ ಮೆರವಣಿಗೆಯಲ್ಲಿ ಮಠಾಧಿಪತಿ ಕೈ ಹಿಡಿದು ಕರೆದೊಯ್ಯುವ ರಾಜ. ಆಮೇಲೆ ಹೊರ ಕಮಾನಿನ ಅಂಚನ್ನು ನೋಡಿ, ಕಲ್ಲಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಪುಟ್ಟ ಮುಖಗಳು ಇಣುಕುತ್ತಿರುತ್ತವೆ. ಮಕ್ಕಳ ಜೊತೆ ಹೋಗುವವರಿಗೆ, ಶಿಲ್ಪಕಲೆಯ ಪರಿಚಯವಿಲ್ಲದವರಿಗೆ ಕಾಂಕ್. ಕಲೆಯ ಅಭ್ಯಾಸ ಇರುವವರಿಗೆ ಮ್ವಾಸಾಕ್. ಕಾಂಕ್ ಪಶ್ಚಿಮ ಮುಖ, ರಾತ್ರಿ ತಂಗಲೇಬೇಕು.

ಜನಜೀವನದ ಕೆತ್ತನೆ ಹುಡುಕುವವರು ಕರಿಯೋನ್ ಜೊತೆಗೆ ಓಲೊರೋಂ ಸೇಂಟ್ ಮರಿಯನ್ನೂ ಎಣಿಸಬಹುದು, ಆರ್ಲ್‌ನಿಂದ ಸೊಂಪೋರ್ಟ್ ಕಡೆಗೆ ಹೋಗುವ ದಾರಿಯಲ್ಲಿದೆ. ಅಮೃತಶಿಲೆಯ ಕಮಾನಿನಲ್ಲಿ ಔತಣದ ತಯಾರಿ: ಸಾಲ್ಮನ್ ಮೀನು, ಪೀಪಾಯಿ, ಹಂದಿ ಬೇಟೆ. ವೆಜ್ಲೇಗೆ ಹೋಗುವವರು ಹೊರಗಿನ ಮುಖದ ಟಿಂಪನಂ ನೋಡಿ ವಾಪಸು ಬರಬೇಡಿ, ಅದು ಹತ್ತೊಂಬತ್ತನೇ ಶತಮಾನದ್ದು. ಹನ್ನೆರಡನೇ ಶತಮಾನದ ಮೂಲ ಕೆತ್ತನೆ ಮುಖಮಂಟಪದ ಒಳಗಿನ ಬಾಗಿಲ ಮೇಲಿದೆ.

ಸಾಂತಿಯಾಗೊ: ಪ್ಲಾತೆರಿಯಾಸ್ ಮತ್ತು ವೈಭವದ ದ್ವಾರ

ಪೋರ್ತಿಕೊ ದೆ ಲ ಗ್ಲೋರಿಯಾ, ಅಂದರೆ ವೈಭವದ ದ್ವಾರ, ದೊಡ್ಡ ಕೃತಿ, ಅದರಲ್ಲಿ ಎರಡು ಮಾತಿಲ್ಲ. 1168ರಲ್ಲಿ ರಾಜನ ವೇತನ ಪಡೆದ ಶಿಲ್ಪಿ ಮತೇವೊ ಇದರ ಅಡ್ಡತೊಲೆಗಳನ್ನು ಕೂರಿಸಿದ್ದು 1188ರ ಏಪ್ರಿಲ್ 1ರಂದು ಎಂದು ಅಲ್ಲಿನ ಶಾಸನವೇ ಹೇಳುತ್ತದೆ. 200ಕ್ಕೂ ಹೆಚ್ಚು ಮೂರ್ತಿಗಳು. ಹದಿನೆಂಟನೇ ಶತಮಾನದಲ್ಲಿ ಮುಂದೆ ಎದ್ದ ಒಬ್ರಾದೊಯ್ರೊ ಮುಖ ಇದಕ್ಕೆ ಕೊಡೆ ಹಿಡಿದ ಹಾಗಾಗಿ ಬಣ್ಣವೂ ಉಳಿಯಿತು, 2018ರಲ್ಲಿ ಮುಗಿದ ಶುಚಿ ಕೆಲಸದ ನಂತರ ಇನ್ನೂ ಚೆನ್ನಾಗಿ ಕಾಣುತ್ತದೆ. ತೊಡಕು ಏನೆಂದರೆ ಟಿಕೆಟು ಬೇಕು, ಸಣ್ಣ ಗುಂಪಿನಲ್ಲಿ ಅಲ್ಪ ಹೊತ್ತು ಮಾತ್ರ, ಫೋಟೊ ನಿಷಿದ್ಧ. ಯಾತ್ರಿಕರ ಬೆರಳುಗಳಿಂದ ಗುಳಿ ಬಿದ್ದ ನಡುಗಂಬವನ್ನು ಈಗ ಮುಟ್ಟುವಂತಿಲ್ಲ. ಒಳಗೆ ಹೋದಾಗ ಹುಡುಕುತ್ತಾ ಕೂರಬೇಡಿ, ಮೊದಲೇ ನಿರ್ಧರಿಸಿ: ಮೇಲೆ ಇಬ್ಬರು ಹಿರಿಯರು ಸೇರಿ ನುಡಿಸುವ ಒಂದೇ ವಾದ್ಯ ಒರ್ಗಾನಿಸ್ತ್ರುಂ, ಎಡ ಬದಿಯ ಪ್ರವಾದಿಗಳಲ್ಲಿ ನಗುವ ದಾನಿಯೇಲ, ಬಲ ಕಮಾನಿನಲ್ಲಿ ಪಾಪಿಗಳು.

ಪ್ಲಾತೆರಿಯಾಸ್ ದಕ್ಷಿಣದ ಜೋಡಿ ಬಾಗಿಲು, ಟಿಕೆಟಿಲ್ಲ, ಹೊತ್ತಿನ ಮಿತಿಯೂ ಇಲ್ಲ. ಕ್ಯಾಥೆಡ್ರಲಿನ ರೋಮನೆಸ್ಕ್ (ಗೋಥಿಕ್‌ಗಿಂತ ಹಿಂದಿನ ಶೈಲಿ) ಹೊರಮುಖಗಳಲ್ಲಿ ಉಳಿದಿರುವುದು ಇದೊಂದೇ. ಬಾಗಿಲ ಪಕ್ಕದ ಶಾಸನದ ವರ್ಷವನ್ನು 1078 ಎಂದೂ 1103 ಎಂದೂ ಓದುತ್ತಾರೆ. ಕಥೆಯ ಕ್ರಮ ಹುಡುಕಿದರೆ ತಲೆ ಕೆಡುತ್ತದೆ, ಏಕೆಂದರೆ 1117ರ ದಂಗೆಯ ಬೆಂಕಿ, ಮುಂದೆ ಹದಿನೆಂಟನೇ ಶತಮಾನದಲ್ಲಿ ಕೆಡವಿದ ಉತ್ತರ ಬಾಗಿಲಿನ ತುಣುಕುಗಳು, ಎಲ್ಲ ಸೇರಿ ಸಿಕ್ಕ ಜಾಗದಲ್ಲಿ ಕೂತಿವೆ. ಬಿಡಿಬಿಡಿಯಾಗಿಯೇ ನೋಡಿ. ಕಾಲು ಹೆಣೆದು ವಾದ್ಯ ನುಡಿಸುವ ದಾವೀದ ಉತ್ತರದಿಂದ ಬಂದವನು. ಎಡ ಟಿಂಪನಂನ ಬಲ ಮೂಲೆಯಲ್ಲಿ ಮಡಿಲಲ್ಲಿ ತಲೆಬುರುಡೆ ಇಟ್ಟುಕೊಂಡ ಹೆಣ್ಣು. ಹನ್ನೆರಡನೇ ಶತಮಾನದ ಯಾತ್ರಾ ಕೈಪಿಡಿ ಅವಳನ್ನು ಜಾರಿಣಿ ಎನ್ನುತ್ತದೆ, ಪ್ರಿಯಕರನ ಕೊಳೆತ ತಲೆಗೆ ದಿನಕ್ಕೆರಡು ಸಲ ಮುತ್ತಿಡಬೇಕೆಂಬುದು ಗಂಡ ಕೊಟ್ಟ ಶಿಕ್ಷೆಯಂತೆ. ಊರು ತಲುಪಿದ ದಿನವೇ ಸುಸ್ತಿನಲ್ಲಿ ಪೋರ್ತಿಕೊ ಟಿಕೆಟು ಇಟ್ಟುಕೊಳ್ಳಬೇಡಿ. ಆ ಸಂಜೆ ಪ್ಲಾತೆರಿಯಾಸ್, ಪೋರ್ತಿಕೊ ಮರುದಿನ. ದೊಡ್ಡ ಬ್ಯಾಗಿನೊಂದಿಗೆ ಕ್ಯಾಥೆಡ್ರಲಿನ ಒಳಗೆ ಬಿಡುವುದಿಲ್ಲ, ಎಲ್ಲಾದರೂ ಇಟ್ಟು ಬನ್ನಿ.

ಪವಿತ್ರ ವರ್ಷದ ಬಾಗಿಲುಗಳು

ಎರಡು ಬಾಗಿಲುಗಳಿಗೆ ಕೆತ್ತನೆಗಿಂತ ತೆರೆಯುವ ದಿನವೇ ಮುಖ್ಯ. ಒಂದು ಸಾಂತಿಯಾಗೊದ ಕಿಂತಾನಾ ಚೌಕದ ಪವಿತ್ರ ದ್ವಾರ. ಅದರ ಇಕ್ಕೆಲದ 24 ಮೂರ್ತಿಗಳು ಮತೇವೊನ ಹಳೆಯ ಕಲ್ಲಿನ ಗಾಯನಕಟ್ಟೆಯಿಂದ ಬಂದವು, ಬಾಗಿಲು ಮುಚ್ಚಿದ್ದಾಗಲೂ ನೋಡಬಹುದು, ಪೂರ್ವ ಮುಖವಾದ್ದರಿಂದ ಬೆಳಗ್ಗೆಯೇ ಚೆನ್ನ. ಇನ್ನೊಂದು ವಿಯಾಫ್ರಾಂಕಾ ದೆಲ್ ಬಿಯೆರ್ಸೊದ ಸಾಂತಿಯಾಗೊ ಚರ್ಚಿನ ಉತ್ತರದ ಕ್ಷಮೆಯ ಬಾಗಿಲು. ಕಾಯಿಲೆ ಬಿದ್ದು ಮುಂದೆ ನಡೆಯಲಾರದ ಯಾತ್ರಿಕರಿಗೆ ಇಲ್ಲಿಯೇ ಸಾಂತಿಯಾಗೊದ ಫಲ ಸಿಗುತ್ತಿತ್ತು. ಎರಡೂ ತೆರೆಯುವುದು ಜುಲೈ 25 ಭಾನುವಾರ ಬೀಳುವ ಪವಿತ್ರ ವರ್ಷಗಳಲ್ಲಿ ಮಾತ್ರ. ಮುಂದಿನವು 2027 ಮತ್ತು 2032. ಆ ವರ್ಷಗಳಲ್ಲಿ ಹಾಸಿಗೆಗೂ ಪೋರ್ತಿಕೊ ಟಿಕೆಟಿಗೂ ಪೈಪೋಟಿ ಜೋರು. ಬಾಗಿಲೊಳಗೆ ನಡೆಯುವ ಹರಕೆ ಇದ್ದವರು ಆಗ ಹೋಗಲಿ. ಕೆತ್ತನೆ ನೋಡಲು ಹೋಗುವವರು ಬೇರೆ ವರ್ಷ ಹಿಡಿಯಲಿ, ಅದೂ ಏಪ್ರಿಲ್ ಕೊನೆ ಅಥವಾ ಅಕ್ಟೋಬರ್ ಮೊದಲ ಅರ್ಧ.